ಸೇವೆಯಲ್ಲಿ ಮುರಿವು

ಜಬೀವುಲ್ಲಾ ಸಾಹೇಬರ ಕಡತ ನನ್ನ ಮೇಜಿಗೆ ಬಂದಿದೆ.
ನಿವೃತ್ತಿಗೆ ಇನ್ನು ಹದಿನೇಳು ದಿನ.
ಪಿಂಚಣಿ ಹೇಗೂ ಇಲ್ಲ. ಗ್ರಾಚ್ಯುಟಿ ಕೊಡಬೇಕಾಗುತ್ತದೆಯೇ
ಎಂದು ಕಾರ್ಯದರ್ಶಿಗಳ ಷರಾ.
ಕೊಡದಿರಲು ದಾರಿ ಹುಡುಕು ಅನ್ನುವುದು
ಆ ಷರಾದ ಹಿಂಬದಿ.

ತಳದ ಹಾಳೆ ಹತ್ತಿಗಿರಣಿ ತಂಡದ್ದು:
ಗೋಲ್‌ಕೀಪರ್, ಎರಡು ವರ್ಷ, ನಡತೆ ತೃಪ್ತಿಕರ.
ನೇರಳೆ ಮೊಹರಿನಲ್ಲಿ ಒಂದು ಚಿಮಣಿ.
ಗಿರಣಿ ಹೋಗಿ ಎಷ್ಟೋ ಕಾಲವಾಯಿತು,
ಮೊಹರಿನದು ಇನ್ನೂ ಹೊಗೆ ಬಿಡುತ್ತಿದೆ.

ಅದರ ಮೇಲಿನದು: ಮಾರ್ಕರ್. ದಿನಗೂಲಿ.
ನಮ್ಮ ಕಾಲೇಜಿನ ಮೈದಾನಕ್ಕೆ ಸುಣ್ಣದ ಗೆರೆ.
ದಾರವಿಲ್ಲ, ಗೂಟವಿಲ್ಲ, ಹಿಮ್ಮಡಿ ಊರಿ ಒಂದು ಸುತ್ತು ತಿರುಗಿದರೆ
ಮೂಲೆಯ ಕಾಲುವೃತ್ತ ಸಿದ್ಧ.
ಆಗಿನ ಕೋಚ್ ಕ್ರಿಕೆಟ್ಟಿನವರು,
ಫುಟ್ಬಾಲ್ ಕಡೆ ಬರುತ್ತಿದ್ದದ್ದು ಗ್ರೂಪ್ ಫೋಟೋದ ದಿನ.
ಸೋತ ಹುಡುಗರು ಸುಣ್ಣದವನನ್ನೇ ಕೇಳಿದರು:
"ಚಾಚಾ, ಅವನು ಪ್ರತಿ ಸಲ ಎಡಗಡೆಯಿಂದ್ಲೇ ಹೆಂಗ್ ನುಗ್ತಾನೆ?"
ಇವರು ಬುಟ್ಟಿ ಇಳಿಸಿ ಹೇಳಿಕೊಟ್ಟರು.
ನೇಮಕ ಆದದ್ದು ಅವತ್ತು.
ಆದೇಶ ಬರಲು ನಾಲ್ಕು ವರ್ಷ ಹಿಡಿಯಿತು.

ಸಹಾಯಕ ತರಬೇತುದಾರ, ತಾತ್ಕಾಲಿಕ.
ಆಮೇಲೆ ಶಿವಮೊಗ್ಗದಲ್ಲಿ ಐದು–ಸೊನ್ನೆ;
ಅದೇ ವಾರ, ಸೇವೆಯಿಂದ ಬಿಡುಗಡೆ.
ಐದರಲ್ಲಿ ಮೂರು ಗೋಲು ಬಿಟ್ಟವನು
ಆಡಳಿತ ಮಂಡಳಿಯವರ ತಂಗಿಯ ಮಗ.
ಅದು ಕಡತದಲ್ಲಿಲ್ಲ.

ಮೂರು ವರ್ಷ ಚಿತ್ರದುರ್ಗ.
ಬಂಡೆ ಸಂದಿಯಿಂದ ಬೀಸುವ ಅಲ್ಲಿನ ಗಾಳಿಗೆ
ಮೇಲೆ ಹೊಡೆದ ಚೆಂಡು ಮನಸ್ಸು ಬದಲಿಸುತ್ತಂತೆ.
"ಅದಕ್ಕೇ ನೆಲಕ್ಕೆ ಅಂಟಿಸಿ ಆಡೋದು ಕಲಿಸ್ದೆ,
ಗಾಳೀನೇ ಹೆಡ್ ಕೋಚ್, ನಾನು ಅಸಿಸ್ಟೆಂಟು."
ದುರ್ಗದ ಹುಡುಗರನ್ನು ಕರಕೊಂಡು ದಾವಣಗೆರೆಗೆ ಬಂದರು,
ನಮ್ಮ ಮೈದಾನದಲ್ಲೇ ನಮ್ಮನ್ನು ಎರಡು–ಒಂದರಿಂದ ಸೋಲಿಸಿದರು.
ನಾವು ಕಾಗದ ಬರೆದೆವು: ಮುಖ್ಯ ತರಬೇತುದಾರರಾಗಿ ಬನ್ನಿ.

ಮುಖ್ಯ ಎಂಬ ಪದಕ್ಕೆ ತಿಂಗಳಿಗೆ ಮುನ್ನೂರು ರೂಪಾಯಿ ಹೆಚ್ಚು.
ಕೈಕೆಳಗೆ ಯಾರೂ ಇಲ್ಲ.
ಗೆರೆ ಈಗಲೂ ಅವರೇ ಎಳೆಯುತ್ತಾರೆ.

ಇಲ್ಲಿಂದ ಮುಂದಿನದೆಲ್ಲ ನನ್ನ ಕೈಬರಹ.
ಪ್ರತಿ ವರ್ಷ, ಏಪ್ರಿಲ್ ಒಂದು:
ಸೇವೆಯಲ್ಲಿ ಒಂದು ದಿನದ ಮುರಿವು.
ಏಪ್ರಿಲ್ ಎರಡು: ಮರುನೇಮಕ.
ಕಾಯಂ ಆಗಿಬಿಡಬಾರದಲ್ಲ, ಅದಕ್ಕೆ.
ಹತ್ತೊಂಬತ್ತು ಸಲ ಬರೆದಿದ್ದೇನೆ.
ಮೊದಮೊದಲು ಅಕ್ಷರ ದುಂಡಗಿದ್ದವು.

ಒಂದು ಏಪ್ರಿಲ್ ಒಂದರ ಬೆಳಗಿನ ಜಾವ
ಹಾಲಿಗೆಂದು ಸ್ಕೂಟರ್ ತೆಗೆದವನು ನೋಡಿದೆ.
ಆಜಾದ್ ನಗರದ ಮಂಡಕ್ಕಿ ಭಟ್ಟಿಗಳಿಂದ
ರಾತ್ರಿಪಾಳಿ ಮುಗಿಸಿದ ಹುಡುಗರು ನೇರ ಬಂದಿದ್ದರು,
ರೆಪ್ಪೆಯ ಮೇಲೆ ಬೂದಿ.
ಗೇಟಿನ ಹೊರಗೆ, ಚರಂಡಿಯ ಕಟ್ಟೆಯ ಮೇಲೆ
ಇವರು ನಿಂತು ಚಪ್ಪಾಳೆ ತಟ್ಟುತ್ತಿದ್ದರು:
ಒಂದಕ್ಕೆ ಓಡು, ಎರಡಕ್ಕೆ ತಿರುಗು.
ಒಳಗೆ ಯಾಕೆ ಹೋಗಿಲ್ಲ ಸಾಹೇಬ್ರೇ?
"ಇವತ್ತು ನಾನು ಕೆಲಸದಾಗಿಲ್ಲ ಅಂತ ನೀವೇ ಬರ್ದಿದ್ದೀರಲ್ಲ."
ಸೀಟಿ?
"ಸೀಟಿ ಕಾಲೇಜಿಂದು. ಕೈ ನಂದು."

ಹಾಲು ತರುವುದು ಮರೆತು ಮನೆಗೆ ಹೋದೆ.
ಮರುವರ್ಷವೂ ಬರೆದೆ.

ನಿನ್ನೆ ಕಚೇರಿಗೆ ಬಂದಿದ್ದರು.
ದುಡ್ಡಿನ ವಿಷಯ ಎತ್ತುತ್ತಾರೆ ಎಂದು
ನಿಯಮದ ಪುಸ್ತಕ ಹತ್ತಿರ ಇಟ್ಟುಕೊಂಡಿದ್ದೆ.
ಶನಿವಾರ ಹರಿಹರದವರ ಜೊತೆ ಮ್ಯಾಚು, ಎರಡು ಚೀಲ ಸುಣ್ಣ ಬೇಕು ಅಂದರು.
ಕಳೆದ ಸಲ ಕೊಟ್ಟದ್ದರಲ್ಲಿ ಹಿಟ್ಟು ಬೆರೆಸಿದ್ದರಂತೆ,
ಬೆಳಗಾಗುವುದರೊಳಗೆ ಇರುವೆ ಪೆನಾಲ್ಟಿ ಗೆರೆ ಹೊತ್ತುಕೊಂಡು ಹೋದವಂತೆ.
ನಕ್ಕರು. ನಾನೂ ನಕ್ಕೆ.
ಓಚರಿಗೆ ಸಹಿ ಹಾಕಿಸಿಕೊಂಡು ಹೋದರು.

ಈಗ ಎಲ್ಲರೂ ಹೋಗಿದ್ದಾರೆ. ಜವಾನ
ಕಿಟಕಿ ಮುಚ್ಚಲು ಕಾಯುತ್ತಿದ್ದಾನೆ.
ಸೇವಾ ಪುಸ್ತಕ ತೆರೆದು, ಅಡಿಪಟ್ಟಿ ಬದಿಗಿಟ್ಟು,
ಹತ್ತೊಂಬತ್ತು ಮುರಿವುಗಳ ಮೇಲೆ ಹಾದುಹೋಗುವಂತೆ
ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ:
ಈ ದಿನಗಳಂದು ಹಾಜರಿದ್ದರು, ನಾನು ನೋಡಿದ್ದೇನೆ.

ನೋಡಿದ್ದು ಒಂದು ಸಲ. ಇರಲಿ.

ಗೆರೆ ಸ್ವಲ್ಪ ಸೊಟ್ಟಗೆ ಬಂತು.
ಅವರಾಗಿದ್ದರೆ ನೆಟ್ಟಗೆ ಎಳೆಯುತ್ತಿದ್ದರು.