ಹೆಬ್ಬೆಟ್ಟು

ಮೊದಲು ನನ್ನ ಮೇಜಿನ ಮೇಲೊಂದು ನೇರಳೆ ಮಸಿಯ ಡಬ್ಬಿ ಇತ್ತು.
ಪಾಲಕರ ಸಭೆಯ ದಿನ ಅದರ ಮುಚ್ಚಳ ತೆಗೆದರೆ
ಸಹಿ ಬಾರದವರು ನಾಚಿ, ನಕ್ಕು, ಒತ್ತಿ,
ಬೆರಳನ್ನು ಗೋಡೆಗೋ ತಲೆಗೂದಲಿಗೋ ಒರೆಸಿಕೊಂಡು ಹೋಗುತ್ತಿದ್ದರು.
ಬಾಗಿಲ ಪಕ್ಕದ ಸುಣ್ಣ ಇವತ್ತಿಗೂ ಅಷ್ಟು ನೇರಳೆ.

ಈಗ ಗ್ರೂಪು. ‘ಐದನೇ ಬಿ, ಪಾಲಕರು.’
ಮೂವತ್ತೆಂಟು ನಂಬರು, ಅದರಲ್ಲಿ ನಾಲ್ಕು ಸತ್ತ ಸಿಮ್ಮು,
ಒಂದು ಯಾರದೋ ಚಿಕ್ಕಪ್ಪನದು, ದಿನಾ ಗುಲಾಬಿ ಹೂ ಕಳಿಸುತ್ತಾನೆ.
ನಾಳೆ ಶೂ ಅಳತೆ, ಎಂದು ಬರೆಯುತ್ತೇನೆ.
ಆಧಾರ್ ಜೆರಾಕ್ಸ್ ಕೊಟ್ಟು ಕಳಿಸಿ, ಎಂದು ಬರೆಯುತ್ತೇನೆ.
ಸಾಲಾಗಿ ಏಳುತ್ತವೆ ಹಳದಿ ಹೆಬ್ಬೆಟ್ಟುಗಳು:
ಆಟೋದವರದು, ಬಿ.ಎ. ಮುಗಿಸಿದ ಅಂಗನವಾಡಿ ಟೀಚರದು,
ಸ್ಪೇರ್ ಪಾರ್ಟ್ಸ್ ಅಂಗಡಿ ರೇವಣಸಿದ್ದಪ್ಪನದು.
ಓದಿದವರೂ ಹೆಬ್ಬೆಟ್ಟಾದರಲ್ಲ ಎಂದು
ಸ್ಟಾಫ್ ರೂಮಿನಲ್ಲಿ ನಕ್ಕಿದ್ದೆ.

ಎಲ್ಲರಿಗಿಂತ ಮೊದಲು ಬರುವುದು ಖೈರುನ್ನೀಸಾಳದು.
ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುವಾಕೆ.
ನಾನು ಕಳಿಸುವುದಕ್ಕೂ ಅಲ್ಲಿ ಬೆರಳೇಳುವುದಕ್ಕೂ
ಮಂಡಕ್ಕಿ ಅರಳುವಷ್ಟು ಹೊತ್ತು.
ಅವಳ ನಂಬರಿಗೇ ಬರೆದೆ:
ತೌಸೀಫ್ ಮೂರು ದಿನದಿಂದ ಗೈರು. ಹೆಬ್ಬೆಟ್ಟು.
ಭದ್ರಾ ನಾಲೆಯಲ್ಲಿ ಈಜುತ್ತಿದ್ದನಂತೆ. ಹೆಬ್ಬೆಟ್ಟು.
ದಯವಿಟ್ಟು ಬಂದು ಕಾಣಿ. ಹೆಬ್ಬೆಟ್ಟು.
ಬರಲಿಲ್ಲ.

ಬಿಸಿಯೂಟದ ಹಾಲಮ್ಮ ತೀರಿಕೊಂಡ ರಾತ್ರಿ
ಗ್ರೂಪಿನ ತುಂಬ ಮುಗಿದ ಕೈಗಳು.
ನಡುವೆ ಒಂದೇ ಒಂದು, ನೆಟ್ಟಗೆ ನಿಂತ ಹಳದಿ ಬೆರಳು.
‘ಇವರಿಗೆ ಮನುಷ್ಯತ್ವ ಇದೆಯಾ?’ ರೇವಣಸಿದ್ದಪ್ಪ ಬರೆದ.
ಹನ್ನೊಂದು ಜನ ಆ ಮಾತಿಗೆ ಹೆಬ್ಬೆಟ್ಟೊತ್ತಿದರು.
ಹನ್ನೆರಡನೆಯದು ಖೈರುನ್ನೀಸಾಳದೇ.

ಮರುದಿನ ನಾನೇ ಹೋದೆ.
ದಾವಣಗೆರೆಯ ಅರ್ಧ ಬಿಸಿಲು ಅಲ್ಲೇ ಹುಟ್ಟುವುದೇನೋ.
ಹೊಟ್ಟಿನ ಹೊಗೆ, ಕಾದ ಮರಳಿನಲ್ಲಿ ಅಕ್ಕಿ ಬಿದ್ದ ಸದ್ದು,
ಮೊಳೆಗೆ ತೂಗುಬಿಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಫೋನು.
‘ಟಿಂಗ್ ಅಂದ್ರೆ ಇದನ್ನ ಒತ್ತು ಅಂದಾನ್ರೀ ಹುಡ್ಗ,
ಟೀಚರಿಗೆ ಖುಷಿ ಆಕತಿ ಅಂತ.
ಏನ್ ಬಂದೈತೋ ಅಂದ್ರೆ, ನಾ ಚಲೋ ಓದ್ತೀನಂತ ಬಂದೈತಿ ಅಂತಾನ.’
ಹಾಲಮ್ಮನ ಸುದ್ದಿ ಹೇಳಿದೆ.
ಜರಡಿ ಕೆಳಗಿಟ್ಟಳು.
‘ಯಾ ಅಲ್ಲಾ. ನಳದ ಹತ್ರ ದಿನಾ ನನ್ ಕೊಡಪಾನ ಹಿಡಿದು ಇಡತಿದ್ಲು.’
ಬಹಳ ಹೊತ್ತು ಮರಳು ಮಾತ್ರ ಸಿಡಿಯಿತು.

ಓದು ಬರೋದಿಲ್ಲ ಅಂತ ಮೊದಲೇ ಹೇಳಬಾರದಿತ್ತಾ, ಎಂದೆ.
ನನ್ನ ದನಿಯಲ್ಲಿ ಆ ಡಬ್ಬಿಯ ಮುಚ್ಚಳ ತೆರೆದ ಸದ್ದಿತ್ತು.

ಮೂಟೆಗಳ ಸಂದಿಯಿಂದ ಒಂದು ನೋಟ್‌ಬುಕ್ಕು ತೆಗೆದಳು.
ಎಷ್ಟು ಚೀಲ, ಯಾವ ಲಾರಿ, ಯಾರದೆಷ್ಟು ಬಾಕಿ.
ಬಲದಿಂದ ಎಡಕ್ಕೆ ಹರಿದ ಸಾಲು,
ಮೇಲೆ ಕೆಳಗೆ ಸಿಡಿದ ಚುಕ್ಕಿ.
‘ಉರ್ದು ಸಾಲಿ ಕಲಿತೀನ್ರಿ, ಏಳನೇತ್ತ. ಫಸ್ಟ್ ಬಂದಿದ್ದೆ.
ನೀವು ಓದ್ರಿ ನೋಡೋಣ.’
ಹಿಡಿದುಕೊಂಡು ನಿಂತೆ.
‘ಟೀಚರ್, ತಲೆಕೆಳಗಾಗೈತಿ.’

ಅವತ್ತಿನಿಂದ ಬರೆಯುವುದಿಲ್ಲ, ದನಿಯಲ್ಲೇ ಹೇಳಿ ಕಳಿಸುತ್ತೇನೆ.
ರೇವಣಸಿದ್ದಪ್ಪನಿಗೂ ಅದೇ ಅನುಕೂಲವಂತೆ, ಕನ್ನಡಕ ಮರೆತ ದಿನ.
ತೌಸೀಫನ ಈಜು ಒಂದು ವಾರ ನಿಂತಿತು.

ಮೊನ್ನೆ ರಾತ್ರಿ ಹತ್ತೂವರೆಗೆ ನನಗೊಂದು ಮೆಸೇಜು.
ಖೈರುನ್ನೀಸಾ. ಎರಡು ಸಾಲು, ಬಲಗಡೆಯಿಂದ ಶುರು.
ದೂರೋ, ಬೈಗುಳವೋ, ನಾಳೆ ಅವನು ಬರುವುದಿಲ್ಲವೆಂದೋ.
ಹಿಗ್ಗಿಸಿ ನೋಡಿದೆ.
ಚುಕ್ಕಿಗಳು ದೊಡ್ಡವಾದವು, ಅಷ್ಟೇ.
ಬೆಳಿಗ್ಗೆ ತೌಸೀಫನನ್ನು ಕರೆದು ತೋರಿಸಿದೆ.
ತುಟಿಯಲ್ಲೇ ಓದಿ ಮುಗಿಸಿದ, ಕಿಟಕಿ ನೋಡಿದ.
‘ಹುಡ್ಗ ಶಾಣ್ಯಾ ಅದಾನ, ಬೈಬ್ಯಾಡ್ರಿ ಅಂತ ಐತ್ರಿ.’

ಆ ಡಬ್ಬಿ ಡ್ರಾಯರಿನಲ್ಲಿ ಇನ್ನೂ ಇದೆ, ಒಣಗಿದೆ.
ನಾನು ಹೆಬ್ಬೆಟ್ಟೊತ್ತಿ ಕಳಿಸಿದೆ.