ಆರಂಭಿಕ ದಾಸ್ತಾನು

ಮಾರ್ಚ್ ಮೂವತ್ತೊಂದು, ರಾತ್ರಿ ಎಂಟೂವರೆ.
ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲಿ ಇವತ್ತು ಎರಕವಿಲ್ಲ.
ಕುಲುಮೆ ಬಾಯಿ ಮುಚ್ಚಿದೆ,
ಕ್ರೇನು ಕೊಕ್ಕೆ ಇಳಿಬಿಟ್ಟು ತೂಕಡಿಸುತ್ತಿದೆ,
ನಾವು ಮಾತ್ರ ಎಣಿಸುತ್ತಿದ್ದೇವೆ.

ನಾಳೆಯಿಂದ ಸಾಫ್ಟ್‌ವೇರು.
ಯಾವ ಪಂಪಿನ ಕವಚಕ್ಕೆ ಎಷ್ಟು ಬೀಡು, ಎಷ್ಟು ಮರಳು,
ಲಾರಿ ಬರಲು ಎಷ್ಟು ದಿನ ಮೊದಲು ಆರ್ಡರು,
ಎಲ್ಲ ಅದೇ ಹೇಳುತ್ತದಂತೆ.
ಮೊದಲು ಮಾತ್ರ ನಾವು ಹೇಳಬೇಕಂತೆ:
ಇವತ್ತು ಇರುವುದೆಷ್ಟು?

ಶ್ರುತಕೀರ್ತಿ ಮೇಡಂ ಹುಂಚದ ಕಡೆಯವರು,
ಕತ್ತಲಾಗುವ ಮೊದಲೇ ಡಬ್ಬಿ ತೊಳೆದಿಟ್ಟವರು,
ತಕ್ಕಡಿಯ ಪಕ್ಕ ಲ್ಯಾಪ್‌ಟಾಪು ಬಿಚ್ಚಿ ಕೇಳಿದರು:
ಹಾಲಪ್ಪನವರೇ, ಮರಳನ್ನ ಯಾವುದರಲ್ಲಿ ಅಳೀತೀರ?
ಗಾಡೀಲಿ.
ಗಾಡಿ ಅಂದ್ರೆ ಎಷ್ಟು ಕೇಜಿ?
ಬೇಸಿಗೆ ಗಾಡಿಯೋ ಆಷಾಢದ ಗಾಡಿಯೋ ಮೇಡಂ,
ನಮ್ಮಲ್ಲಿ ಮರಳು ಕೂತಲ್ಲೇ ನೀರು ಕುಡಿಯುತ್ತೆ.
ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.
ಎರಡು ಸಾಲು ಮಾಡಿದರು: ಒಣ, ಹಸಿ.
ಇಪ್ಪತ್ತೆರಡು ವರ್ಷದಲ್ಲಿ
ನನ್ನ ಮಾತನ್ನು ಯಾರೂ ಹೀಗೆ ಬರೆದುಕೊಂಡಿರಲಿಲ್ಲ.

ಅದಕ್ಕೇ ಹೊಟ್ಟೆಯಲ್ಲಿ ಕಸಿವಿಸಿ.
ನನ್ನ ಕೆಂಪು ರಟ್ಟಿನ ಲೆಡ್ಜರಿನಲ್ಲಿ ಒಂದು ಸುಳ್ಳಿದೆ.
ಬೀಡು, ಮುನ್ನೂರ ನಲವತ್ತು ಕೇಜಿ:
ಪುಸ್ತಕದಲ್ಲಿದೆ, ಅಂಗಳದಲ್ಲಿಲ್ಲ.
ಹದಿಮೂರು ವರ್ಷ, ಪುಟದಿಂದ ಪುಟಕ್ಕೆ
ನಿದ್ದೆ ಹೋದ ಮಗುವನ್ನು ಹೊತ್ತ ಹಾಗೆ ಹೊತ್ತು ತಂದಿದ್ದೇನೆ.
ಆಡಿಟರು ಬಂದಾಗ ಕಾಫಿ, ಮಂಡಕ್ಕಿ,
ಆಮೇಲೆ ರಾಶಿಯ ಎತ್ತರ ತೋರಿಸಿ ಒಂದು ಕಣ್ಣಂದಾಜು.
ಎಲ್ಲಿ ಹೋಯಿತೋ, ದೇವರಾಣೆ ನನಗೂ ಗೊತ್ತಿಲ್ಲ.

ಹನ್ನೊಂದಕ್ಕೆ ಹಿಂದಿನ ಗೋಡೆಯ ರಾಶಿ.
ಕುಲುಮೆಯ ದಸ್ತಗೀರ್ ಸಾಬರು ಅದರ ಮೇಲೆ ನಿಂತವರು
ಇಳಿಯಲೊಲ್ಲರು.
ಹಳೇ ಮರಳು ಬಿಡೀಮ್ಮ, ಎಣಿಸೋದೇನಿದೆ?
ಹಳೇ ಮರಳಿಗೂ ಒಂದು ಕೋಡಿದೆ ಸಾಬ್ರೇ.
ಸಲಿಕೆ ಇಳಿಯಿತು.
ಠಣ್.

ಹದಿನೇಳು ಪಂಪಿನ ಕವಚ,
ಒಂದೊಂದೂ ಇಪ್ಪತ್ತು ಕೇಜಿಯ ಎರಕ,
ಮೈತುಂಬ ನೀರುದೋಸೆಯ ಹಾಗೆ ತೂತು.
ನಾನು ಬಾಯಲ್ಲೇ ಗುಣಿಸಿದೆ. ಮತ್ತೊಮ್ಮೆ ಗುಣಿಸಿದೆ.

ಸಾಬರು ಟೋಪಿ ತೆಗೆದು ಬೆವರು ಒರೆಸಿದರು.
ಒಬ್ಬ ಹುಡುಗ. ಮೂರು ದಿನದ ಕೆಲಸಗಾರ.
ಮರಳಿನ ಹದ ನೋಡ್ದೆ ಅಚ್ಚು ಮುಚ್ಚಿಬಿಟ್ಟಿದ್ದ.
ಬರೆಸಿದ್ರೆ ಗೇಟಿಂದ ಆಚೆ ಹೋಗ್ತಿದ್ದ.
ಚೀಟಿ ಇಲ್ದೆ ಬೀಡು ಎತ್ತಿ ರಾತ್ರೋರಾತ್ರಿ ಮತ್ತೆ ಹೊಯ್ದೆ.
ಯಾರು ಎಂದು ಯಾರೂ ಕೇಳಲಿಲ್ಲ.
ಕೂದಲೆಳೆ ಬಿರುಕಿಗೂ ಅರ್ಧ ದಿನ ಬೈಯುವ
ಮೋಲ್ಡಿಂಗ್ ಸೂಪರ್‌ವೈಸರ್ ತೀರ್ಥಪ್ಪ
ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ, ಹಾಕಿದ, ಬಿಚ್ಚಿದ.

ಪರದೆಯ ಮೇಲೆ ಕಾರಣದ ಕಾಲಮ್ಮು ನೋಡಿದ್ದೆ ನಾನು:
ತೂತು, ಬಿರುಕು, ಮರಳು ಕುಸಿತ, ಇತರೆ.
ಅದರ ಕೆಳಗೆ ಜವಾಬ್ದಾರಿ, ಕೆಂಪು ಚುಕ್ಕಿ,
ಹೆಸರು ತುಂಬದೆ ಮುಂದೆ ಬಿಡುವುದಿಲ್ಲ.

ಮೇಡಂ ತೀರ್ಥಪ್ಪನನ್ನು ನೋಡಲಿಲ್ಲ.
ಬೆರಳು ಎತ್ತಿ ಹಿಡಿದೇ ಹೇಳಿದರು:
ಆರಂಭಿಕ ದಾಸ್ತಾನಿಗೆ ಅದು ಕಾರಣ ಕೇಳಲ್ಲ.
ಎಷ್ಟಿದೆ, ಅಷ್ಟೇ.
ನಾಳೆ ಬೆಳಿಗ್ಗೆಯಿಂದ ಕೇಳುತ್ತೆ.

ಲೆಡ್ಜರು ನನ್ನ ಕಂಕುಳಲ್ಲಿ ಬಿಸಿಯಾಗಿತ್ತು.
ತೀರ್ಥಪ್ಪ ಬಗ್ಗಿ, ಹಮಾಲರನ್ನು ಸರಿಸಿ,
ಒಂದೊಂದೇ ಎತ್ತಿ ತಕ್ಕಡಿಗಿಟ್ಟ.
ಹದಿನೇಳನೆಯದನ್ನು ಇಟ್ಟು
ಅಂಗೈ ಅದರ ಮೇಲೇ ಊರಿ ನಿಂತುಬಿಟ್ಟಿದ್ದ,
ಕೈ ತೆಗಿಯಪ್ಪಾ, ತೂಕ ಜಾಸ್ತಿ ಬರುತ್ತೆ, ಎಂದೆ.

ಮುನ್ನೂರ ಮೂವತ್ತೆಂಟು.

ಇನ್ನೆರಡು ಕೇಜಿ? ಎಂದರು ಮೇಡಂ.
ತುಕ್ಕು, ಎಂದರು ಸಾಬರು.
ಹನ್ನೆರಡಕ್ಕೆ ಇನ್ನೂ ಆರು ನಿಮಿಷವಿತ್ತು.