ಕೊನೆಯವಳ ಚೀಲ

ಮುಂದಿನವರಿಗೆ ಬೆಟ್ಟ ಕಾಣುತ್ತದೆ,
ನನಗೆ ಹಿಮ್ಮಡಿಗಳು.
ನಮ್ಮ ಚಾರಣದ ಬಳಗದಲ್ಲಿ ನನ್ನ ಹುದ್ದೆ ಬಾಲ:
ಎಲ್ಲರೂ ಹೋದ ಮೇಲೆ ಹೋಗುವುದು,
ಕೂತವರನ್ನು ಎಬ್ಬಿಸುವುದು,
ಬಿದ್ದದ್ದನ್ನು ಹೆಕ್ಕುವುದು.
ಕೊರಳಲ್ಲಿ ಸೀಬಯ್ಯನವರ ಹಳೇ ವಿಷಲ್.
ಊದಿದ್ದು ಎರಡೇ ಸಲ,
ಅದರಲ್ಲೊಂದು ಕರಡಿಯೆಂದು ಹೆದರಿ, ಬಂಡೆಗೆ.

ತುಮಕೂರಿನ ಬಸ್ ನಿಲ್ದಾಣದಲ್ಲಿ ನಸುಕಿನ ನಾಲ್ಕೂವರೆಗೆ
ಅವರು ತಲೆ ಎಣಿಸುತ್ತಾರೆ.
ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರು,
ಬೆರಳು ಈಗಲೂ ಗಾಳಿಯಲ್ಲಿ ಟಿಕೆಟು ಹರಿಯುತ್ತದೆ.
"ಹದಿನಾಲ್ಕು. ರೈಟ್."
ಹೆಗಲ ಚೀಲಗಳೆಲ್ಲ ಟೈಲರ್ ನೂರುಲ್ಲಾ ಹೊಲಿದವು,
ಲಾರಿಯ ಹಳೇ ಟಾರ್ಪಾಲಿನವು. ಮಳೆಗೆ ಜಗ್ಗವು,
ಬೆವರಿಗೆ ಮಾತ್ರ ಡೀಸೆಲ್ ವಾಸನೆ ಬಿಡುತ್ತವೆ.

ಆಷಾಢಕ್ಕೆ ದೇವರಾಯನದುರ್ಗ, ಗಾಳಿ ಟೋಪಿ ಕೇಳುತ್ತದೆ.
ಮುಂದಿನ ಎರಡು ತಿಂಗಳು ಬಂಡೆಗೆ ಪಾಚಿ,
ನೂರುಲ್ಲಾನ ಅಂಗಡಿಯಲ್ಲಿ ಕೂತು ಹರಿದ ಪಟ್ಟಿ ಹೊಲಿಸುತ್ತೇವೆ,
ಚಹಾದ ಬಾಬತ್ತು ಸರದಿಯಂತೆ.
ಆಶ್ವೀಜದಲ್ಲಿ ಸಿದ್ಧರಬೆಟ್ಟ, ಕೈಗೆಟಕುವ ಸೀತಾಫಲ;
ಮುಂದಿನವರು ಉಗಿದ ಬೀಜ ನೋಡಿಕೊಂಡೇ
ನಾನು ದಾರಿ ಹಿಡಿಯಬಹುದು.
ಬೇಸಿಗೆಗೆ ಹುಣ್ಣಿಮೆಯ ರಾತ್ರಿ ಮಾತ್ರ,
ನಡುರಾತ್ರಿಯಾದರೂ ಹಾಸುಬಂಡೆ
ಆಗಷ್ಟೇ ಒಲೆಯಿಂದ ಇಳಿಸಿದ ಹೆಂಚು.

ಪುಷ್ಯದ ಆ ಭಾನುವಾರ ಮಧುಗಿರಿ.
ಇಡೀ ಬೆಟ್ಟ ಒಂದೇ ಕಲ್ಲು.
ಇಬ್ಬನಿ ಆರುವವರೆಗೆ ಕೋಟೆ ಬಾಗಿಲಲ್ಲಿ ಕಾದು ಹತ್ತಿದೆವು.
ಮೆಟ್ಟಿಲು ಮುಗಿದು
ಬಂಡೆಗೆ ಕೊರೆದ ಕಚ್ಚುಗಳು ಶುರುವಾಗುವಲ್ಲಿ
ಸೀಬಯ್ಯನವರ ಬಲಗಾಲಿನ ಬೂಟು ಬಾಯಿ ಬಿಟ್ಟಿತು.
ಅಟ್ಟೆ ಪೂರ್ತಿ ಕಳಚಿ
ಆಡಿನ ಮರಿಯ ಹಾಗೆ ಎರಡು ನೆಗೆತ ನೆಗೆದು
ನನ್ನ ಕಾಲ ಬಳಿ ಬಂದು ನಿಂತಿತು.

ನಗಬಾರದಿತ್ತು. ನಕ್ಕೆ.
ನಾನು ದುಡಿಯುವ ಆಸ್ಪತ್ರೆಯ ಬ್ಯಾಂಡೇಜು ಸುತ್ತಿದೆ,
ನೂರುಲ್ಲಾ ದಬ್ಬಳಕ್ಕಾಗಿ ಜೇಬೆಲ್ಲ ತಡಕಿದ,
ಜುಂಜಣ್ಣ ಗೂಗಲ್ ಮಾಡಿದ.
ಅವರು ಇನ್ನೊಂದು ಬೂಟನ್ನೂ ಬಿಚ್ಚಿದರು.
ಕಾಲುಚೀಲ ಮಡಿಸಿ ಜೇಬಿಗಿಟ್ಟರು.
ಬರಿಗಾಲನ್ನು ಕಚ್ಚಿನೊಳಗೆ ಊರಿ
ಸುಮ್ಮನೆ ನಿಂತರು, ಬಹಳ ಹೊತ್ತು.
"ಇದು ಬೂಟಿಗೆ ಕೊರೆದದ್ದಲ್ಲಮ್ಮ,
ಹೆಬ್ಬೆರಳಿಗೆ ಜಾಗ ಬಿಟ್ಟಿದಾರೆ ನೋಡು."

ನೋಡಿದೆ. ಇತ್ತು.
ಎಂಟು ವರ್ಷ ಅವೇ ಕಚ್ಚುಗಳನ್ನು ತುಳಿದವಳಿಗೆ
ಹಿಮ್ಮಡಿ ಕಂಡಿತ್ತು, ಬೆರಳು ಕಂಡಿರಲಿಲ್ಲ.
ಯಾರ ಅಳತೆಯೋ, ಯಾವ ಕಲ್ಲುಕುಟಿಗನದೋ,
ತನ್ನದೇ ಕಾಲಿಟ್ಟು ನೋಡಿರಬೇಕು.

ತುದಿಯಲ್ಲಿ ಚಿತ್ರಾನ್ನ.
ಕಣ್ಣಿಗೆ ಕೈ ಅಡ್ಡ ಹಿಡಿದು
ಒಬ್ಬೊಬ್ಬರೂ ತಮ್ಮೂರ ಕೆರೆ ಹುಡುಕಿದರು.
ಸೀಬಯ್ಯನವರು ಪಾದ ಉಜ್ಜಿಕೊಳ್ಳುತ್ತಾ
ಯಾವ ಊರನ್ನೂ ಹುಡುಕದೆ ಕೂತಿದ್ದರು.

ಈ ವರ್ಷ ಅವರ ಮಂಡಿಗೆ ಮೆಟ್ಟಿಲು ಬೇಡವೆಂದಿದ್ದಾರೆ ಡಾಕ್ಟರು.
ಆದರೂ ಬಂದರು. ಕೋಟೆ ಬಾಗಿಲ ನೆರಳಲ್ಲಿ ಪುಸ್ತಕ ಹಿಡಿದು
ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ ಎಣಿಸಿದರು.
ಕೊನೆಗೆ ಇಳಿದವಳು ನಾನು,
ಚೀಲದ ತಳದಲ್ಲಿ
ಒಂದು ಕೂದಲ ಕ್ಲಿಪ್ಪು, ಯಾರದೋ ನೀರಿನ ಬಾಟಲಿಯ ಮುಚ್ಚಳ,
ಮತ್ತೆ, ಹೋದ ಪುಷ್ಯದಿಂದ ಹೊರತೆಗೆಯದ ಆ ಅಟ್ಟೆ.

"ಹದಿಮೂರು," ಅಂದರು, "ರೈಟ್."
ಲೆಕ್ಕದಲ್ಲಿ ಒಂದು ಕಡಿಮೆಯಿತ್ತು.
ನಾನು ತಿದ್ದಲಿಲ್ಲ,
ಕೊರಟಗೆರೆ ಬಸ್ಸು ಆಗಲೇ ಹಾರನ್ ಹೊಡೆಯುತ್ತಿತ್ತು.